ವಾಲಿಬಾಲ್ ಆಟದ ನಂತರದ ಹೊಡೆದಾಟದಲ್ಲಿ ಹಲ್ಲು ಮುರಿದಿದೆ, ಹದಿನೇಳು ವರ್ಷದ ಮಗ ಜೈಲಿಗೆ ಹೋಗುತ್ತಾನೆಯೇ?

ಶಿರಸಿ ಸಮೀಪದ ನಿಮ್ಮ ಊರಿನಲ್ಲಿ ಸಂಜೆಯ ವಾಲಿಬಾಲ್ ಮುಗಿದ ಮೇಲೆ ಹೊಡೆದಾಟವಾಗಿ ಎದುರು ತಂಡದ ಹುಡುಗನ ಮುಂದಿನ ಹಲ್ಲು ಮುರಿದಿದೆ, ಹೊಡೆದ ಮೂವರಲ್ಲಿ ಪಿಯುಸಿ ಓದುತ್ತಿರುವ ನಿಮ್ಮ ಮಗನೂ ಇದ್ದಾನೆ, ಆ ಹುಡುಗನ ತಂದೆ ಪೊಲೀಸರಿಗೆ ದೂರು ಕೊಡುವುದಾಗಿ ಹೇಳಿದ್ದಾರೆ. ಮಗ ಜೈಲಿಗೆ ಹೋಗುತ್ತಾನೆಯೇ, ಮುಂದೆ ಸರ್ಕಾರಿ ನೌಕರಿಗೆ ಅಡ್ಡಿಯಾಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಕುಮಟಾದಲ್ಲಿ ವಕೀಲಿ ಮಾಡುವವನು. ಜೈಲಿಗೆ ಹೋಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಮೂವರಲ್ಲಿ ಒಬ್ಬನಿಗೆ ಕಳೆದ ತಿಂಗಳು ಹದಿನೆಂಟು ತುಂಬಿದೆ ಎಂದು ನೀವು ಕೊನೆಯಲ್ಲಿ ಹೇಳಿರುವ ಮಾತು, ಜಗಳವನ್ನು ಯಾರು ಶುರುಮಾಡಿದರು ಎಂದು ನೀವು ವಿವರವಾಗಿ ಬರೆದಿರುವುದಕ್ಕಿಂತ ಹೆಚ್ಚು ಮುಖ್ಯವಾದದ್ದು.

ಹಲ್ಲಿನ ವಿಷಯ ಮೊದಲು ನೋಡೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಗಾಯಕ್ಕೆ ಕಲಂ 115(2)ರ ಅಡಿ ಒಂದು ವರ್ಷದವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಅದು ಅಸಂಜ್ಞೇಯ ಅಪರಾಧವಾದ್ದರಿಂದ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಆದರೆ ಕಲಂ 116 ಯಾವುದನ್ನು ಘೋರ ಗಾಯವೆಂದು ಎಣಿಸುತ್ತದೋ ಆ ಪಟ್ಟಿಯಲ್ಲಿ ಕಣ್ಣು, ಕಿವಿ ಹೋಗುವುದರ ಜೊತೆಗೆ ಮೂಳೆ ಅಥವಾ ಹಲ್ಲು ಮುರಿಯುವುದೂ ಇದೆ. ಮುಖವೆಲ್ಲ ಊದಿಕೊಂಡು ನಾಲ್ಕು ದಿನ ಮಲಗಿದ್ದವನ ಪ್ರಕರಣ ಸಣ್ಣದಾಗಿ, ಒಂದೇ ಏಟಿಗೆ ಹಲ್ಲಿನ ತುದಿ ಹಾರಿದವನ ಪ್ರಕರಣ ದೊಡ್ಡದಾಗುವುದು ಈ ಕಾರಣಕ್ಕೆ. ಘೋರ ಗಾಯಕ್ಕೆ ಕಲಂ 117(2)ರಲ್ಲಿ ಏಳು ವರ್ಷದವರೆಗೆ ಸಜೆಯಿದೆ, ಅದು ಸಂಜ್ಞೇಯವೂ ಹೌದು. ವೈದ್ಯರು ಬರೆದುಕೊಡುವ ಗಾಯದ ಪ್ರಮಾಣಪತ್ರದಲ್ಲಿ ‘ಘೋರ’ ಎಂಬ ಪದವಿದೆಯೋ ‘ಸಾದಾ’ ಎಂಬ ಪದವಿದೆಯೋ ಎಂಬುದರ ಮೇಲೆ ದೂರು ಯಾವ ದಾರಿ ಹಿಡಿಯುತ್ತದೆಂಬುದು ಬಹುಪಾಲು ನಿಂತಿರುತ್ತದೆ. ಅಷ್ಟರಿಂದಲೇ ಅಪರಾಧ ಸಾಬೀತಾಯಿತೆಂದಲ್ಲ: ಘೋರ ಗಾಯವಾಗಬಹುದೆಂದು ತಿಳಿದೋ ಉದ್ದೇಶಿಸಿಯೋ ಹೊಡೆದಿರಬೇಕೆಂದು ಕಾನೂನು ಹೇಳುವುದರಿಂದ, ನೂಕಾಟದಲ್ಲಿ ಬಿದ್ದ ಒಂದು ಗುದ್ದಿನ ಬಗ್ಗೆ ವಾದಿಸಲು ನಿಮ್ಮ ವಕೀಲರಿಗೆ ಜಾಗವಿದೆ. ಎದುರಿನವನು ಬೈದದ್ದರಿಂದ ಅಪರಾಧ ಅಳಿಸಿಹೋಗುವುದಿಲ್ಲ. ಹಠಾತ್ತನೆ ತೀವ್ರವಾಗಿ ಕೆರಳಿಸಿದ್ದು ಸಾಬೀತಾದರೆ ಶಿಕ್ಷೆ ಕಡಿಮೆಯಾಗಬಹುದು, ಅಷ್ಟೆ.

ಬರಿಗೈಯ ಜಗಳ ಎಂದು ಬರೆದಿದ್ದೀರಿ. ದೂರಿನಲ್ಲೂ ಹಾಗೆಯೇ ಇದೆಯೇ ಎಂದು ನೋಡಿಕೊಳ್ಳಿ. ಅಡಿಕೆ ತೋಟದಿಂದ ನೇರವಾಗಿ ಆಟದ ಬಯಲಿಗೆ ಬರುವ ಹುಡುಗರ ಸೊಂಟದಲ್ಲಿ ಕತ್ತಿ ಇರುವುದು ನಮ್ಮ ಕಡೆ ಸಹಜ. ಅದು ಕೈಗೆ ಬಂದು ಘೋರ ಗಾಯವಾದರೆ ಮಾತ್ರ ಕಲಂ 118(2) ಬೀಳುತ್ತದೆ, ಆ ಕಲಮಿನ ಗರಿಷ್ಠ ಶಿಕ್ಷೆ ಜೀವಾವಧಿ.

ಇಲ್ಲಿ ಹೇಳಿದ ವರ್ಷಗಳೆಲ್ಲ ದೊಡ್ಡವರ ಲೆಕ್ಕ. ಘಟನೆಯ ದಿನ ಹದಿನೆಂಟು ತುಂಬಿರದ ನಿಮ್ಮ ಮಗನಿಗೆ 2015ರ ಬಾಲ ನ್ಯಾಯ ಕಾಯ್ದೆ ಅನ್ವಯಿಸುತ್ತದೆ. ಅದರಲ್ಲಿ ಅಪರಾಧಗಳು ಸಣ್ಣ, ಗಂಭೀರ, ಘೋರ ಎಂದು ಮೂರು ಬಗೆ. ಹದಿನಾರು ದಾಟಿದವರನ್ನು ದೊಡ್ಡವರಂತೆ ವಿಚಾರಣೆ ಮಾಡುತ್ತಾರೆಂದು ನೀವು ಕೇಳಿರುವುದು ಮೂರನೆಯ ಬಗೆಗೆ ಮಾತ್ರ, ಅಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವ ಕೊಲೆಯಂಥ ಅಪರಾಧಗಳಿಗೆ. ಗರಿಷ್ಠ ಶಿಕ್ಷೆ ಎಷ್ಟೇ ಇರಲಿ, ಕನಿಷ್ಠ ಏಳು ವರ್ಷ ಇಲ್ಲದಿದ್ದರೆ ಅದು ಆ ಬಗೆಗೆ ಸೇರದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು 2021ರ ತಿದ್ದುಪಡಿ ಕಾಯ್ದೆಯೊಳಗೇ ಸೇರಿಸಿತು. ಗಾಯದ ಹೆಸರಿನಲ್ಲಿ ‘ಘೋರ’ ಎಂದಿದ್ದರೂ ಹಲ್ಲು ಮುರಿದ ಪ್ರಕರಣ ನಡುವಿನ ಬಗೆಯದು. ಹುಡುಗನನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ, ಬೇಡಿ ಹಾಕುವಂತಿಲ್ಲ. ಇಂಥ ಪ್ರಕರಣದಲ್ಲಿ ಅವನನ್ನು ವಶಕ್ಕೆ ಪಡೆಯುವ ಅಗತ್ಯವೇ ಸಾಮಾನ್ಯವಾಗಿ ಇರುವುದಿಲ್ಲ. ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ವಿಷಯವನ್ನು ದಿನಚರಿಯಲ್ಲಿ ದಾಖಲಿಸಿ, ಮನೆ, ಓದು, ಸಹವಾಸಗಳ ಕುರಿತ ಸಾಮಾಜಿಕ ಹಿನ್ನೆಲೆಯ ವರದಿ ಸಿದ್ಧಪಡಿಸಿ ಬಾಲ ನ್ಯಾಯ ಮಂಡಳಿಗೆ ಕಳಿಸುತ್ತಾರೆ, ಹಾಜರಾಗಬೇಕಾದ ದಿನವನ್ನು ನಿಮಗೆ ತಿಳಿಸುತ್ತಾರೆ. ವಶಕ್ಕೆ ಪಡೆದರೂ ಪ್ರಯಾಣದ ಅವಧಿ ಬಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಘಟ್ಟದ ಮೇಲಿನವರು ಜಿಲ್ಲಾ ಕೇಂದ್ರ ಕಾರವಾರಕ್ಕೆ ಹೋಗಬೇಕಾದರೆ ದೇವಿಮನೆ ಘಟ್ಟ ಇಳಿದು ಸಾಗುವ ಹೊತ್ತು ಆ ಲೆಕ್ಕದಿಂದ ಹೊರಗುಳಿಯುತ್ತದೆ ಎಂಬುದು ನೆನಪಿರಲಿ. ಜಾಮೀನು ಕೊಡುವುದೇ ಇಲ್ಲಿ ನಿಯಮ.

ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುವ ಆ ಮಂಡಳಿ ತಪ್ಪು ಸಾಬೀತಾದರೆ ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಆಪ್ತಸಮಾಲೋಚನೆಗೋ ಸಮುದಾಯ ಸೇವೆಗೋ ಆದೇಶಿಸಬಹುದು, ದಂಡ ಹಾಕಬಹುದು, ಸನ್ನಡತೆಯ ಷರತ್ತಿನ ಮೇಲೆ ನಿಮ್ಮ ವಶಕ್ಕೆ ಬಿಡಬಹುದು. ವಿಶೇಷ ಗೃಹಕ್ಕೆ ಗರಿಷ್ಠ ಮೂರು ವರ್ಷ ಕಳಿಸುವ ಅಧಿಕಾರವೂ ಅದಕ್ಕಿದೆ, ಆದರೆ ಮೊದಲ ಬಾರಿಗೆ ಗುದ್ದಾಡಿ ಬಂದ ಹುಡುಗನಿಗೆ ಆ ಆದೇಶವಾದದ್ದನ್ನು ನಾನು ಕಂಡಿಲ್ಲ.

ಈಗ ಹದಿನೆಂಟು ತುಂಬಿದ ಗೆಳೆಯನ ವಿಷಯ. ಅವನ ಮೇಲೆ ಎಫ್‌ಐಆರ್ ಆಗುತ್ತದೆ, ಅವನು ಮಾಮೂಲಿ ಕ್ರಿಮಿನಲ್ ಕೋರ್ಟಿಗೆ ಹೋಗುತ್ತಾನೆ. ಮಕ್ಕಳ ಮೇಲೆ ಇಂಥ ಪ್ರಕರಣದಲ್ಲಿ ಎಫ್‌ಐಆರ್ ಬೇಡ ಎನ್ನುವ ಬಾಲ ನ್ಯಾಯ ಕಾಯ್ದೆಯಡಿಯ 2016ರ ಮಾದರಿ ನಿಯಮವೇ ದೊಡ್ಡವರ ಜೊತೆ ಸೇರಿ ಮಾಡಿದ ಆರೋಪವನ್ನು ಹೊರತುಪಡಿಸುವುದರಿಂದ ಅದೇ ಎಫ್‌ಐಆರಿನಲ್ಲಿ ನಿಮ್ಮ ಮಗನೂ ಬರಬಹುದು. ಗುದ್ದಿದ್ದು ಆ ಗೆಳೆಯನೇ ಆಗಿದ್ದರೂ ಮೂವರಿಗೂ ಒಂದೇ ಉದ್ದೇಶವಿತ್ತೆಂದಾದರೆ ನ್ಯಾಯ ಸಂಹಿತೆಯ ಕಲಂ 3(5) ಎಲ್ಲರನ್ನೂ ಸೇರಿಸುತ್ತದೆ. ಹಾಗೆಂದು ಇಬ್ಬರ ವಿಚಾರಣೆ ಒಟ್ಟಿಗೆ ನಡೆಯುವಂತಿಲ್ಲ. ‘ನಿಮ್ಮ ಮಾಣಿ ಸಣ್ಣವನು, ಅವನದೇ ತಪ್ಪು ಎಂದು ಒಪ್ಪಿಸಿಬಿಡೋಣ, ದೊಡ್ಡವನು ಪಾರಾಗಲಿ’ ಎಂಬ ಸಲಹೆ ಆ ಗೆಳೆಯನ ಮನೆಯವರಿಂದ ಬಂದರೆ ಒಪ್ಪಬೇಡಿ. ಇಂಥ ಸಲಹೆಯನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕೇಳಿದ್ದೇನೆ.

ರಾಜಿ ಸಾಧ್ಯ, ಆದರೆ ಊರ ಹಿರಿಯರ ಮುಂದೆ ಮುಚ್ಚಳಿಕೆ ಬರೆದುಕೊಟ್ಟ ಮಾತ್ರಕ್ಕೆ ದಾಖಲಾದ ದೂರು ಮುಗಿಯುವುದಿಲ್ಲ. ಘೋರ ಗಾಯದ ಅಪರಾಧವನ್ನು ಗಾಯಗೊಂಡವನು ನ್ಯಾಯಾಲಯದ ಅನುಮತಿ ಪಡೆದೇ ರಾಜಿ ಮಾಡಿಕೊಳ್ಳಬೇಕು. ಅವನೂ ಹದಿನೆಂಟರ ಒಳಗಿನವನಾದರೆ ಅವನ ಪರವಾಗಿ ತಂದೆ ಅನುಮತಿ ಕೇಳಬೇಕಾಗುತ್ತದೆ. ಹಲ್ಲಿನ ಚಿಕಿತ್ಸೆಯ ಖರ್ಚು ಕೊಡುವುದಿದ್ದರೆ ರಸೀದಿಯಿಟ್ಟುಕೊಂಡು, ವಕೀಲರ ಮುಂದೆ ಕೊಡಿ. ನಿಮಗೆ ವಕೀಲರ ಶುಲ್ಕ ಕಷ್ಟವಾದರೆ ಕಾನೂನು ಸೇವಾ ಪ್ರಾಧಿಕಾರದಿಂದ ಮಗನಿಗೆ ಉಚಿತ ವಕೀಲರು ಸಿಗುತ್ತಾರೆ.

ನೌಕರಿಯ ಪ್ರಶ್ನೆಗೆ ಬಾಲ ನ್ಯಾಯ ಕಾಯ್ದೆಯ ಕಲಂ 24 ಉತ್ತರ. ಈ ಕಾಯ್ದೆಯಡಿ ತಪ್ಪು ಸಾಬೀತಾದದ್ದು ಮುಂದೆ ಅನರ್ಹತೆಗೆ ಕಾರಣವಾಗುವಂತಿಲ್ಲ, ಮೇಲ್ಮನವಿಯ ಅವಧಿ ಕಳೆದ ಮೇಲೆ ನಿಗದಿತ ಕಾಲದಲ್ಲಿ ದಾಖಲೆಗಳನ್ನು ನಾಶಪಡಿಸಬೇಕು. ಆದೇಶದ ಪ್ರತಿಯೊಂದನ್ನು ನೀವು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ.

ಕಾಯ್ದೆ ಅಳಿಸುವುದನ್ನು ಮನೆಯವರೇ ಉಳಿಸಿಬಿಡುವುದುಂಟು. ಜಗಳದ ವಿಡಿಯೊ ಯಾರದೋ ಫೋನಿನಲ್ಲಿ ಇರಬಹುದು. ಅದನ್ನು ಹೆಸರು, ಮುಖ ಸಹಿತ ಸ್ಟೇಟಸ್ಸಿಗೆ ಹಾಕುವುದು, ನಿಮ್ಮವರು ಹಾಕಿದರೂ ಅವರು ಹಾಕಿದರೂ, ಅದೇ ಕಾಯ್ದೆಯ ಕಲಂ 74ರ ಪ್ರಕಾರ ಆರು ತಿಂಗಳ ಸಜೆ ಅಥವಾ ಎರಡು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಎಳೆಯಬಲ್ಲ ಕೆಲಸ. ವಿಡಿಯೊವನ್ನು ಅಳಿಸಲೂ ಬೇಡಿ, ಅದು ಸಾಕ್ಷ್ಯ.

ಠಾಣೆಯಿಂದ ಕರೆ ಬಂದರೆ ಮಗನನ್ನು ಒಬ್ಬನೇ ಕಳಿಸಬೇಡಿ, ನೀವೂ ಹೋಗಿ. ಜೊತೆಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಶಾಲೆಯ ಜನ್ಮದಿನಾಂಕದ ದಾಖಲೆ ಒಯ್ಯಿರಿ. ವಯಸ್ಸಿನ ಪ್ರಶ್ನೆ ಬಂದಾಗ ಕಾಯ್ದೆ ಮೊದಲು ನೋಡುವುದು ಅವನ್ನೇ, ಪಂಚಾಯಿತಿಯ ಜನನ ಪ್ರಮಾಣಪತ್ರ ಅದರ ನಂತರ.