ಶಿಫ್ಟ್ ಕೊನೆಯಲ್ಲಿ ತುಂಬುವ ರೀಡಿಂಗ್

ಪ್ರಶ್ನೆ: ನಮ್ಮದು ಆಟೊ ಬಿಡಿಭಾಗ ತಯಾರಿಸುವ ಘಟಕ. ತಪಾಸಣೆ ದಾಖಲೆ, ರಿಜೆಕ್ಷನ್ ವರದಿಗಳಿಗೆ ಸಾಫ್ಟ್‌ವೇರ್ ಹಾಕಿಸಿ ತರಬೇತಿಯನ್ನೂ ಕೊಟ್ಟೆವು. ಆದರೂ ಆಪರೇಟರ್‌ಗಳು ಗಂಟೆಗೊಮ್ಮೆ ಹಾಕಬೇಕಾದ ರೀಡಿಂಗ್‌ಗಳನ್ನು ಶಿಫ್ಟ್ ಮುಗಿಯುವಾಗ ಒಟ್ಟಿಗೆ ತುಂಬುತ್ತಾರೆ. ಮತ್ತೆ ತರಬೇತಿ ಕೊಡಿಸಬೇಕೆ?
– ಕ್ವಾಲಿಟಿ ಮುಖ್ಯಸ್ಥರು, ಪೀಣ್ಯ ಎರಡನೇ ಹಂತ

ಉತ್ತರ: ಬೇಡ. ಒಟ್ಟಿಗೆ ತುಂಬಬಲ್ಲವರಿಗೆ ಬಳಸುವುದು ಗೊತ್ತಿದೆ. ಆಯಾ ಹೊತ್ತಿಗೆ ತುಂಬಲು ಏನು ಅಡ್ಡಿ ಎಂದು ಮೆಷಿನ್ ಪಕ್ಕ ಒಂದು ಪೂರ್ತಿ ಶಿಫ್ಟ್ ನಿಂತು ನೋಡಿ. ಒಂದು ಪೀಸ್‌ಗೆ ಹಿಡಿಯುವ ಹೊತ್ತು (ಸೈಕಲ್ ಟೈಮ್) 40 ಸೆಕೆಂಡ್ ಇದ್ದರೆ ಅಷ್ಟರಲ್ಲೇ ಅಂಚಿನಲ್ಲಿ ಉಳಿದ ಚೂಪು ಲೋಹ (ಬರ್) ತೆಗೆದು, ಅಳತೆ ನೋಡಿ, ಮುಂದಿನ ಪೀಸ್ ಸಿದ್ಧಮಾಡಿಕೊಳ್ಳಬೇಕು. ಮೆಷಿನ್ ತಂಪಾಗಿಸುವ ದ್ರವ (ಕೂಲಂಟ್) ಮೆತ್ತಿದ ಕೈಗೆ ಟಚ್‌ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದಿಲ್ಲ. ಇದರ ನಡುವೆ ಹನ್ನೆರಡು ಕಾಲಂ ತುಂಬು ಎಂದರೆ ಯಾರಿಂದಲೂ ಆಗದು. ಪಾರ್ಟ್ ನಂಬರ್, ಬ್ಯಾಚ್, ಆಪರೇಷನ್ ಮೂರೂ ಜಾಬ್ ಕಾರ್ಡ್‌ನ ಬಾರ್‌ಕೋಡ್‌ನಿಂದ ಬರಲಿ. ದಿನಾಂಕ, ಶಿಫ್ಟ್ ಲಾಗಿನ್‌ನಿಂದ ಬರಲಿ. ಮೈಕ್ರೋಮೀಟರ್‌ಗೆ ಡೇಟಾ ಔಟ್‌ಪುಟ್ ಇದ್ದರೆ ಕೇಬಲ್ ಹಾಗೂ ಫುಟ್ ಸ್ವಿಚ್ ಜೋಡಿಸಿ. ಕಾಲಲ್ಲಿ ಒತ್ತಿದರೆ ರೀಡಿಂಗ್ ಸೇರುತ್ತದೆ.

ಕಾಗದದ ರಿಜಿಸ್ಟರ್ ಇನ್ನೂ ನಡೆಯುತ್ತಿದ್ದರೆ ನಿಲ್ಲಿಸಿ. ಆಡಿಟ್‌ಗೆ ಕಾಗದವೇ ಬೇಕೆಂಬ ಭಯಕ್ಕೆ ಆಧಾರವಿಲ್ಲ. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9001:2015ರ 7.5ನೇ ವಿಭಾಗ ಎಲೆಕ್ಟ್ರಾನಿಕ್ ದಾಖಲೆಯನ್ನೂ ಒಪ್ಪುತ್ತದೆ. ಬ್ಯಾಕಪ್, ತಿದ್ದುಪಡಿಯ ನಿಯಂತ್ರಣ ಸರಿಯಿರಬೇಕು, ಅಷ್ಟೇ.

ಇದಕ್ಕಿಂತ ದೊಡ್ಡ ಅಡ್ಡಿ ಅಂಜಿಕೆ. ರಿಜೆಕ್ಷನ್ ವರದಿಯ ಕಾರಣಗಳ ಪಟ್ಟಿಯಲ್ಲಿ ಮೊದಲಿಗೇ ‘ಆಪರೇಟರ್ ತಪ್ಪು’ ಎಂದಿದೆಯೇ, ನೋಡಿ. ಇದ್ದರೆ ಕೆಟ್ಟ ಪೀಸ್ ಸದ್ದಿಲ್ಲದೆ ಸ್ಕ್ರ್ಯಾಪ್ ಡಬ್ಬಿ ಸೇರುತ್ತದೆ, ರೀಡಿಂಗ್‌ಗಳೆಲ್ಲ ಟಾಲರೆನ್ಸ್ (ಒಪ್ಪಿತ ಅಳತೆ ಮಿತಿ) ನಡುವಿಗೇ ಬಂದು ಕೂರುತ್ತವೆ. ಅವುಗಳ ಮೇಲೆ ಲೆಕ್ಕಹಾಕಿದ ಸಿಪಿಕೆ (ಉತ್ಪಾದನೆ ಮಿತಿಯೊಳಗೆ ಎಷ್ಟು ಸ್ಥಿರವಾಗಿದೆ ಎಂಬ ಸೂಚ್ಯಂಕ) ಬಲು ಚೆನ್ನಾಗಿ ಕಾಣುತ್ತದೆ, ಮಾಲು ಮಾತ್ರ ಗ್ರಾಹಕರಿಂದ ವಾಪಸ್ ಬರುತ್ತದೆ. ಆ ಸಾಲು ತೆಗೆದು ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆತ, ಫಿಕ್ಸ್ಚರ್‌ನಲ್ಲಿ (ಪೀಸ್ ಹಿಡಿಯುವ ಸಾಧನ) ಸಿಕ್ಕ ಲೋಹದ ಚಿಪ್, ತಪ್ಪಿದ ಆಫ್‌ಸೆಟ್ (ಮೆಷಿನ್‌ನ ಅಳತೆ ಹೊಂದಾಣಿಕೆ), ಕಚ್ಚಾಮಾಲಿನ ಗಡಸುತನ ಎಂದು ಕನ್ನಡ ಲಿಪಿಯಲ್ಲಿ ಬರೆಸಿ. ವರದಿ ಹಾಕಿದವನಿಗೆ ಅದನ್ನು ಯಾರು ಕೈಗೆತ್ತಿಕೊಂಡರು, ಏನಾಯಿತು ಎಂಬುದು ಮರುದಿನದೊಳಗೆ ಅದೇ ಪರದೆಯಲ್ಲಿ ಕಾಣಲೇಬೇಕು.

ಉದ್ಯೋಗಿಗಳು ತಂತ್ರಜ್ಞಾನವನ್ನು ಹೇಗೆ ಒಪ್ಪಿಕೊಳ್ಳುತ್ತಾರೆ ಎಂದು 1989ರಲ್ಲಿ ಅಧ್ಯಯನ ಪ್ರಕಟಿಸಿದ ಫ್ರೆಡ್ ಡೇವಿಸ್, ಬಳಕೆಯ ಸುಲಭತೆಗಿಂತಲೂ ‘ಇದರಿಂದ ನನ್ನ ಕೆಲಸಕ್ಕೆ ಉಪಯೋಗವಿದೆ’ ಎಂಬ ಭಾವನೆಗೆ ಬಳಕೆಯೊಂದಿಗೆ ಹೆಚ್ಚು ಗಟ್ಟಿ ನಂಟಿದೆ ಎಂದು ಕಂಡುಕೊಂಡರು. ನಿಮ್ಮಲ್ಲಿ ಆ ಉಪಯೋಗ ಟ್ರೆಂಡ್ ಚಾರ್ಟ್. ಬೋರ್ (ಪೀಸ್‌ನೊಳಗಿನ ರಂಧ್ರ) ಅಳತೆ ಮಿತಿಯತ್ತ ಸರಿಯುತ್ತಿರುವುದು ಕಣ್ಣೆದುರೇ ಕಂಡರೆ, ಪೀಸ್ ಕೆಡುವ ಮೊದಲೇ ಆಪರೇಟರ್ ಮೆಷಿನ್ ಹೊಂದಿಸುವ ಸೆಟ್ಟರ್‌ನನ್ನು ಕರೆಯುತ್ತಾನೆ. ಈಗ ಆ ಚಾರ್ಟ್ ಆಫೀಸಿನ ಕಂಪ್ಯೂಟರ್‌ನಲ್ಲಷ್ಟೇ ಇದ್ದರೆ ಮೊದಲು ಶಾಪ್‌ಫ್ಲೋರ್‌ಗೆ ತನ್ನಿ. ಎಲ್ಲವನ್ನೂ ಒಂದೇ ಲೈನ್‌ನಲ್ಲಿ ಒಂದು ತಿಂಗಳು ನಡೆಸಿ, ಆಮೇಲೆ ಉಳಿದ ಲೈನ್‌ಗಳಿಗೆ ಹೋಗಿ.

ಪ್ರಶ್ನೆ: ತಪಾಸಣೆ ದಾಖಲೆಯ ಸಾಫ್ಟ್‌ವೇರ್‌ಗೆ ಲೈಸೆನ್ಸ್ ಖರ್ಚು ಉಳಿಸಲು ಮೂರು ಶಿಫ್ಟ್‌ಗೂ ಒಂದೇ ಲಾಗಿನ್ ಸಾಕಲ್ಲವೆ?
– ಓದುಗರು, ಬೊಮ್ಮಸಂದ್ರ

ಉತ್ತರ: ಸಾಲದು. ಯಾರು ಅಳೆದರು ಎಂದು ತಿಳಿಯದ ದಾಖಲೆಯನ್ನು ದೂರು ಬಂದ ದಿನ ಯಾರೂ ತಮ್ಮದೆನ್ನುವುದಿಲ್ಲ. ಏಕಕಾಲಿಕ ಬಳಕೆದಾರರ ಲೆಕ್ಕದಲ್ಲೋ ಟ್ಯಾಬ್‌ಗಳ ಲೆಕ್ಕದಲ್ಲೋ ಲೈಸೆನ್ಸ್ ಸಿಗುತ್ತದೆಯೇ ಎಂದು ಮಾರಾಟಗಾರರನ್ನು ಕೇಳಿ. ಸಿಕ್ಕರೆ ಪ್ರತಿಯೊಬ್ಬರಿಗೂ ಬೇರೆ ಪಿನ್ ಕೊಡಿ, ಅಥವಾ ಗುರುತಿನ ಚೀಟಿ ಸ್ಕ್ಯಾನ್ ಮಾಡಿಸಿ.