ರೊಟ್ಟಿ ಎಷ್ಟು, ಮೆಂತೆ ಎಷ್ಟು? ಸಕ್ಕರೆ ಕಾಯಿಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ. ಶುಗರ್ ಬಂದ ಮೇಲೆ ಅನ್ನ ಪೂರ್ತಿ ಬಿಟ್ಟು ಮೂರು ಹೊತ್ತೂ ಜೋಳದ ರೊಟ್ಟಿಯನ್ನೇ ಉಣ್ಣುತ್ತಾರೆ. ಗುಳಿಗೆಯನ್ನೂ ತಪ್ಪಿಸುವುದಿಲ್ಲ. ಆದರೂ ಊಟದ ನಂತರದ ಶುಗರ್ 240ಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಯಾಕೆ?
— ಓದುಗರೊಬ್ಬರು, ಜಮಖಂಡಿ

ಉತ್ತರ: ಒಂದು ಹೊತ್ತಿಗೆ ಎಷ್ಟು ರೊಟ್ಟಿ ಎಂಬುದನ್ನು ನೀವು ಬರೆದಿಲ್ಲ. ತೊಡಕು ಬಹುಶಃ ಅಲ್ಲೇ ಇದೆ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಹತ್ತಿರಹತ್ತಿರ 70 ಗ್ರಾಂ ಪಿಷ್ಟವಿರುತ್ತದೆ. ಅಕ್ಕಿಗಿಂತ ತೀರಾ ಕಡಿಮೆಯೇನಲ್ಲ. ಜೋಳದ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ: ಸುಮಾರು 10 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 3 ಗ್ರಾಂ ಕೂಡ ಇಲ್ಲ. ನಾರು ಸಕ್ಕರೆ ಏರುವ ವೇಗವನ್ನು ತಗ್ಗಿಸುತ್ತದೆ, ಆದರೆ ತಿಂದ ಪಿಷ್ಟವನ್ನು ಇಲ್ಲವಾಗಿಸುವುದಿಲ್ಲ. ತಲಾ 60 ಗ್ರಾಂ ಹಿಟ್ಟಿನ ಮೂರು ರೊಟ್ಟಿ ಉಂಡರೆ 125 ಗ್ರಾಂ ಪಿಷ್ಟ ಹೊಟ್ಟೆಗೆ ಹೋಯಿತು. ಅದು ಒಂದೇ ಊಟಕ್ಕೆ ಬಹಳವಾಯಿತು. ಖಡಕ್ ರೊಟ್ಟಿಯಂತೂ ಇನ್ನೂ ಮೋಸ. ತೆಳ್ಳಗಿದೆ, ಮುರಿದರೆ ಪುಡಿಯಾಗುತ್ತದೆ ಎಂದು ನಾಲ್ಕೈದು ಒಳಗೆ ಹೋದದ್ದೇ ತಿಳಿಯುವುದಿಲ್ಲ.

ಒಂದು ದಿನ ಅಡುಗೆಮನೆಯಲ್ಲಿ ತಕ್ಕಡಿ ಇಟ್ಟು ಒಂದು ರೊಟ್ಟಿಗೆ ಹಿಡಿಯುವ ಒಣ ಹಿಟ್ಟನ್ನು ತೂಗಿ ನೋಡಿ. 40 ಗ್ರಾಂ ಹಿಟ್ಟಿನ ರೊಟ್ಟಿಯಾದರೆ ಮಧ್ಯಾಹ್ನ ಎರಡು, ರಾತ್ರಿ ಒಂದು ಅಥವಾ ಒಂದೂವರೆಯಿಂದ ಶುರುಮಾಡಿ. ಹೊಟ್ಟೆ ತುಂಬಿಸಬೇಕಾದದ್ದು ಪಲ್ಯ. ಗಂಗಾಳದ ಅರ್ಧಭಾಗ ಪುಂಡಿ, ಮೆಂತೆ, ಹೀರೆ, ಚವಳಿಕಾಯಿಗೆ ಬಿಡಿ; ಕಾಲುಭಾಗ ಮಡಕಿ, ಹೆಸರು ಅಥವಾ ಹುರುಳಿಕಾಳಿಗೆ ಇರಲಿ. ಮೊದಲು ಸೌತೆ, ಮೂಲಂಗಿ, ಹಕ್ಕರಿಕೆಯ ಪಚಡಿ ತಿಂದು, ಆಮೇಲೆ ಪಲ್ಯ-ಕಾಳು ತಿಂದು, ರೊಟ್ಟಿಯನ್ನು ಕೊನೆಗೆ ಹಿಡಿದರೆ ಅದೇ ಊಟಕ್ಕೆ ಶುಗರ್ ಕಡಿಮೆ ಏರುತ್ತದೆ. ರೊಟ್ಟಿ-ಪಲ್ಯ ಕೂಡಿಸಿ ಉಣ್ಣುವವರಿಗೆ ಇದು ವಿಚಿತ್ರ ಅನ್ನಿಸಬಹುದು. ಕನಿಷ್ಠ ಪಚಡಿಯನ್ನಾದರೂ ಮೊದಲು ಮುಗಿಸಲಿ. ಶೇಂಗಾ ಹಿಂಡಿ ಒಂದು ದೊಡ್ಡ ಚಮಚ ಸಾಕು. ಅದಕ್ಕೆ ಬೆಲ್ಲ ಹಾಕುವ ರೂಢಿ ನಿಮ್ಮ ಮನೆಯಲ್ಲಿದ್ದರೆ ನಿಲ್ಲಿಸಿ.

ಸಕ್ಕರೆ ಕಾಯಿಲೆಯೂ ಸೇರುವ ರೋಗಗಳ ಗುಂಪನ್ನು ಆಯುರ್ವೇದ ಪ್ರಮೇಹ ಎನ್ನುತ್ತದೆ. ಅದಕ್ಕೆ ಆಯುರ್ವೇದ ಎತ್ತಿ ಹೇಳುವ ಧಾನ್ಯ ಜವೆಗೋಧಿ, ಅಂದರೆ ಬಾರ್ಲಿ. ಮೂರು ಪಾಲು ಜೋಳಕ್ಕೆ ಒಂದು ಪಾಲು ಜವೆ ಬೆರೆಸಿ ಬೀಸಿಸಬಹುದು. ಅಂಗಡಿಯಲ್ಲಿ ಸಿಗುವ ಬೆಳ್ಳಗೆ ಪಾಲಿಶ್ ಆದ ಬಾರ್ಲಿ ಬೇಡ, ತವಡು ಉಳಿದ ಕಾಳು ಬೇಕು. ಈ ಬದಲಾವಣೆಯ ನಂತರ, ಮೊದಲ ತುತ್ತಿನಿಂದ ಸರಿಯಾಗಿ ಎರಡು ತಾಸಿಗೆ ಶುಗರ್ ನೋಡಿ, ಒಂದು ವಾರ ಬರೆದಿಡಿ. ಸಾಮಾನ್ಯವಾಗಿ 180ರ ಒಳಗೆ ಇರಬೇಕು. ಊಟ ತೂಕಕ್ಕೆ ಬಂದ ಮೇಲೂ 240 ಇದ್ದರೆ ಔಷಧದ ಪ್ರಮಾಣ ಬದಲಾಗಬೇಕು. ಆ ಪಟ್ಟಿ ಹಿಡಿದುಕೊಂಡು ವೈದ್ಯರ ಬಳಿ ಹೋಗಿ.

ಪ್ರಶ್ನೆ: ನಮ್ಮದೇ ಗಾಣದ ಬೆಲ್ಲ, ಯಾವ ಕೆಮಿಕಲ್ ಇಲ್ಲ. ಚಹಾಕ್ಕೆ ಸಕ್ಕರೆ ಬದಲು ಇದನ್ನು ಹಾಕಬಹುದೇ? ಕರದಂಟು?
— ಓದುಗರೊಬ್ಬರು, ಮುಧೋಳ

ಉತ್ತರ: ಬೇಡ. ಗಾಣದ್ದಾದರೂ ಬೆಲ್ಲದ ಬಹುಪಾಲು ಸಕ್ಕರೆಯೇ. ಕೆಮಿಕಲ್ ಇಲ್ಲದಿರುವುದು ಒಳ್ಳೆಯದೇ, ಆದರೆ ರಕ್ತದ ಸಕ್ಕರೆಗೂ ಅದಕ್ಕೂ ಸಂಬಂಧವಿಲ್ಲ. ಚರಕ ಸಂಹಿತೆ ಪ್ರಮೇಹದ ಕಾರಣಗಳನ್ನು ಹೇಳುವಾಗ ಕೂತಲ್ಲೇ ಕೂರುವ ಸುಖ, ನಿದ್ದೆಯ ಸುಖ, ಮೊಸರು, ಹೊಸ ಧಾನ್ಯಗಳ ಜೊತೆಗೆ ಬೆಲ್ಲದ ಪದಾರ್ಥಗಳನ್ನೂ ಸೇರಿಸಿದೆ. ಕರದಂಟಿನ ಅಂಟು, ಬದಾಮಿಗಳ ತಕರಾರಿಲ್ಲ, ತಕರಾರು ಪಾಕದ್ದು. ಬೆಲ್ಲದ ಬದಲು ಖರ್ಜೂರ ಹಾಕಿದರೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಪ್ರಮೇಹಕ್ಕೆ ಜೇನುತುಪ್ಪವನ್ನು ಹಳೆಯ ಗ್ರಂಥಗಳು ಒಪ್ಪುತ್ತವೆ ನಿಜ, ಆದರೆ ಜೇನು ಕೂಡ ಶುಗರ್ ಏರಿಸುತ್ತದೆ. ಈ ವಿಷಯದಲ್ಲಿ ಗ್ಲುಕೋಮೀಟರಿನ ಮಾತೇ ನಡೆಯಲಿ.

ಪ್ರಶ್ನೆ: ಮೆಂತೆ, ಹಾಗಲಕಾಯಿ, ನೆಲ್ಲಿಕಾಯಿ-ಅರಿಸಿನ ಇವನ್ನು ತೆಗೆದುಕೊಂಡರೆ ಗುಳಿಗೆ ಬಿಡಬಹುದು ಎನ್ನುತ್ತಾರೆ. ಎಷ್ಟು ತೆಗೆದುಕೊಳ್ಳಬೇಕು?
— ಓದುಗರೊಬ್ಬರು, ಇಂಡಿ

ಉತ್ತರ: ಗುಳಿಗೆ ಬಿಡುವ ಮಾತನ್ನು ಮೊದಲು ಪಕ್ಕಕ್ಕಿಡಿ. ಇವು ಪಥ್ಯಕ್ಕೆ ಜೊತೆಯಾಗಬಲ್ಲವು, ಔಷಧದ ಜಾಗಕ್ಕೆ ಬರಲಾರವು. ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಾಗದ ಬಗೆಯ ಸಕ್ಕರೆ ಕಾಯಿಲೆ) ಇರುವವರು ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಕುತ್ತು.

ಮೆಂತೆ: ಒಂದು ಚಹಾ ಚಮಚ ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಕಾಳು ಅಗಿದು ತಿಂದು, ಆ ನೀರನ್ನೂ ಕುಡಿಯಿರಿ. ನೀರನ್ನಷ್ಟೇ ಕುಡಿದು ಕಾಳು ಚೆಲ್ಲುವವರು ನಾರನ್ನೇ ಚೆಲ್ಲಿದ ಹಾಗೆ. ಹೊಟ್ಟೆಯುಬ್ಬರ, ಭೇದಿ ಆಗದಿದ್ದರೆ ಎರಡು ವಾರದ ನಂತರ ಎರಡು ಚಮಚ. ಅದರ ಲೋಳೆ ಗುಳಿಗೆಯನ್ನು ರಕ್ತಕ್ಕೆ ಸೇರಲು ತಡ ಮಾಡಬಹುದು, ಹಾಗಾಗಿ ಮಧ್ಯೆ ಒಂದೆರಡು ತಾಸು ಅಂತರವಿರಲಿ.

ನೆಲ್ಲಿಕಾಯಿ-ಅರಿಸಿನ ಆಯುರ್ವೇದದಲ್ಲಿ ಪ್ರಮೇಹಕ್ಕೆ ಹೆಸರಾದ ಜೋಡಿ, ನಿಶಾ-ಆಮಲಕಿ. ಎರಡರ ಪುಡಿ ಸಮಪಾಲು ಬೆರೆಸಿ ಒಟ್ಟು 3 ಗ್ರಾಂ, ಊಟಕ್ಕೆ ಮೊದಲು ಬಿಸಿನೀರಿನಲ್ಲಿ. ಪಿತ್ತಕೋಶದಲ್ಲಿ ಕಲ್ಲಿರುವವರು, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹಾಗಲಕಾಯಿಯನ್ನು ಪಲ್ಯವಾಗಿ ತಿನ್ನುವುದೇ ಮೇಲು. ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಕುಡಿದರೆ ಹೊಟ್ಟೆನೋವು, ಭೇದಿ ಬರುತ್ತವೆ. ಗರ್ಭಿಣಿಯರಿಗಂತೂ ರಸ ಸಲ್ಲದು.

ಮೂರನ್ನೂ ಒಟ್ಟಿಗೆ ಶುರುಮಾಡಬೇಡಿ, ಯಾವುದು ಏನು ಮಾಡಿತೆಂದು ತಿಳಿಯುವುದಿಲ್ಲ. ಗ್ಲಿಮೆಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ಜೊತೆ ಇವು ಸೇರಿದರೆ ಶುಗರ್ 70ಕ್ಕಿಂತ ಕೆಳಗೆ ಕುಸಿಯುವುದುಂಟು. ಇನ್ನೊಂದು: ಅರಿಷ್ಟ, ಆಸವ, ಲೇಹ್ಯಗಳಲ್ಲಿ ಬೆಲ್ಲ, ಸಕ್ಕರೆ ಇರುತ್ತವೆ. ಲೇಬಲ್ಲಿಲ್ಲದ, ಲೈಸೆನ್ಸ್ ನಂಬರ್ ಇಲ್ಲದ ಸಂತೆಯ ಪುಡಿಯಿಂದ ಎರಡೇ ದಿನಕ್ಕೆ ಶುಗರ್ ಧಡಕ್ಕನೆ ಇಳಿದರೆ ಖುಷಿಪಡಬೇಡಿ. ಅದರಲ್ಲಿ ಇಂಗ್ಲಿಷ್ ಗುಳಿಗೆಯನ್ನೇ ಅರೆದು ಸೇರಿಸಿರುವ ಸಂಶಯವಿದೆ.

ಪ್ರಶ್ನೆ: ನಮ್ಮ ಅವ್ವ ಯುಗಾದಿ ಮುಂಚೆ ಶ್ರೀಶೈಲಕ್ಕೆ ಬರಿಗಾಲಲ್ಲಿ ಪಾದಯಾತ್ರೆ ಹೊರಡುವ ಹಟದಲ್ಲಿದ್ದಾಳೆ. ರಾತ್ರಿ ಇನ್ಸುಲಿನ್ ತಗೋತಾಳೆ.
— ಓದುಗರೊಬ್ಬರು, ಬಾಗಲಕೋಟೆ

ಉತ್ತರ: ನಡಿಗೆ ತಡೆಯಬೇಕಿಲ್ಲ, ಬರಿಗಾಲು ತಡೆಯಿರಿ. ಹೊರಡುವ ಮುನ್ನ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ನರ ಸೋತ ಪಾದಕ್ಕೆ ಕಾದ ಡಾಂಬರಿನ ಸುಡುವಿಕೆ ತಿಳಿಯುವುದೇ ಇಲ್ಲ; ಬೊಬ್ಬೆ ಒಡೆದು ಹುಣ್ಣಾದ ಮೇಲೆ ಗೊತ್ತಾಗುತ್ತದೆ. ಹಳೆಯ, ಕಾಲಿಗೆ ಒಗ್ಗಿದ ಬೂಟು, ಹತ್ತಿಯ ಕಾಲುಚೀಲ ಇರಲಿ. ದಿನಾ ಸಂಜೆ ಬೆರಳಸಂದು, ಅಂಗಾಲನ್ನು ಬೇರೊಬ್ಬರು ನೋಡಲಿ.

ದಿನವಿಡೀ ನಡೆದರೆ ರಾತ್ರಿ, ಮರುದಿನ ಬೆಳಗಿನ ಜಾವಕ್ಕೂ ಶುಗರ್ ಇಳಿಯುತ್ತದೆ. ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ಬಳಕೆಯಲ್ಲಿರುವ ಇನ್ಸುಲಿನ್ ಪೆನ್ನನ್ನು 30 ಡಿಗ್ರಿ ದಾಟದ ತಂಪಿನಲ್ಲಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿದ ಮಣ್ಣಿನ ಪಾತ್ರೆಯಲ್ಲಿಟ್ಟು ಜೊತೆಗಿನ ಗಾಡಿಯ ನೆರಳಿನಲ್ಲಿಡಿ. ಮಂಜುಗಡ್ಡೆಗೆ ತಾಗಿಸಿದರೆ ಹೆಪ್ಪುಗಟ್ಟಿ ಕೆಡುತ್ತದೆ. ನಡುಕ, ಬೆವರು, ಕಣ್ಣು ಮಂಜಾದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಶೇಂಗಾ ಚಿಕ್ಕಿ ಈ ಹೊತ್ತಿಗೆ ಕೆಲಸಕ್ಕೆ ಬಾರದು, ಅದರ ಎಣ್ಣೆಯಂಶ ಸಕ್ಕರೆ ಏರುವುದನ್ನು ತಡಮಾಡುತ್ತದೆ. ದಾಸೋಹದ ಸಿರಾ, ಹುಗ್ಗಿ ಎರಡು ಚಮಚ ಪ್ರಸಾದವಾಗಿ ಸಾಕು.

ಪ್ರಶ್ನೆ: ಬೆಳಿಗ್ಗೆಯಿಂದ ರಾತ್ರಿವರೆಗೆ ಅಂಗಡಿಯಲ್ಲಿ ಕೂತಿರುತ್ತೇನೆ. ವಾಕಿಂಗ್‌ಗೆ ಪುರಸೊತ್ತಿಲ್ಲ.
— ಓದುಗರೊಬ್ಬರು, ವಿಜಯಪುರ

ಉತ್ತರ: ಒಟ್ಟಿಗೆ ಒಂದು ತಾಸು ಸಿಗದಿದ್ದರೆ ಬೇಡ. ಮೂರೂ ಊಟದ ನಂತರ ಹತ್ತು-ಹದಿನೈದು ನಿಮಿಷ ನಡೆಯಿರಿ, ಊಟದ ಏರಿಕೆಗೆ ಅದು ಚೆನ್ನಾಗಿಯೇ ಕಡಿವಾಣ ಹಾಕುತ್ತದೆ. ಅರ್ಧ ತಾಸಿಗೊಮ್ಮೆ ಎದ್ದು, ಸಾಮಾನನ್ನು ಆಳಿನ ಕೈಲಿ ತರಿಸದೆ ನೀವೇ ತೆಗೆದುಕೊಡಿ. ಮಧ್ಯಾಹ್ನ ಉಂಡ ಕೂಡಲೇ ಮಲಗುವುದನ್ನು ಬಿಡಿ. ರಾತ್ರಿ ಬಾಗಿಲು ಹಾಕಿ ಹತ್ತೂವರೆಗೆ ಉಣ್ಣುವ ಬದಲು ಎಂಟಕ್ಕೆ ಬುತ್ತಿ ತರಿಸಿ ಅಂಗಡಿಯಲ್ಲೇ ಊಟ ಮುಗಿಸಿ.