ಮ್ಯಾನೇಜರ್ ಬೋಲ್ಡ್ ಆದರೆ ನೋ ಬಾಲ್

ಪ್ರಶ್ನೆ: ಸರ್, ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಫ್ಯಾಕ್ಟರಿಯೊಂದರಲ್ಲಿ ಮೂರು ವರ್ಷದಿಂದ ಕಾಂಟ್ರಾಕ್ಟ್ ಮೇಲೆ ಇದ್ದೇನೆ. ಊರಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಆಡಿದವನು, ಬೌಲಿಂಗ್ ಚೆನ್ನಾಗಿಯೇ ಮಾಡುತ್ತೇನೆ. ಕಂಪನಿ ಟೀಮಿಗೆ ಕರೆದರು, ಹೋದೆ. ಹೋದ ಭಾನುವಾರ ಪ್ರಾಕ್ಟೀಸ್ ಮ್ಯಾಚಲ್ಲಿ ನಮ್ಮ ಮ್ಯಾನೇಜರ್ ಸಾಹೇಬರ ಮಿಡ್ಲ್ ಸ್ಟಂಪ್ ಎಗರಿಸಿದೆ. ಸ್ಟಂಪ್ ಬಿದ್ದಮೇಲೆ ಅಂಪೈರ್ ನಿಧಾನಕ್ಕೆ ಕೈ ಚಾಚಿ ನೋ ಬಾಲ್ ಅಂದರು. ಅಂಪೈರು ಹೆಚ್‌ಆರ್‌ನವರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸೋಮವಾರ ಬೋರ್ಡಲ್ಲಿ ಹಾಕಿದ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಕೇಳಿದರೆ 'ಪರ್ಮನೆಂಟ್ ಆದವರಿಗೆ ಮಾತ್ರ' ಅಂದರು. ಪಕ್ಕದ ಕಂಪನಿಯಿಂದ ಕೆಲಸಕ್ಕೆ ಕರೆ ಬಂದಿದೆ. ಒಂದು ಆಟ ನೋಡಿ ಕಂಪನಿ ಎಂಥದು ಅಂತ ಅಳೆಯೋದು ತಪ್ಪಾ?

ಉತ್ತರ: ತಪ್ಪೇನಿಲ್ಲ. ಆದರೆ ಏನನ್ನು ನೋಡಿ ಅಳೆಯುತ್ತೀರಿ ಅನ್ನೋದು ಮುಖ್ಯ.

ಆ ನೋ ಬಾಲ್ ನನಗೆ ದೊಡ್ಡ ವಿಷಯ ಅನ್ನಿಸಲಿಲ್ಲ. ದೊಡ್ಡವರು ಬ್ಯಾಟ್ ಹಿಡಿದರೆ ಮೊದಲ ಬಾಲು ಟ್ರಯಲ್ಲು, ಇದು ಎಲ್ಲ ಕಡೆ ನಡೆಯುತ್ತೆ. ನಾನು ಕೇಳೋದು ಬೇರೆ. ಮ್ಯಾನೇಜರ್ ಆಗ ಏನು ಮಾಡಿದರು? 'ಔಟೇ ಅಲ್ವೇನ್ರೀ' ಅಂತ ಬ್ಯಾಟ್ ಕಂಕುಳಲ್ಲಿಟ್ಟುಕೊಂಡು ನಡೆದರಾ, ಇಲ್ಲ ಸುಮ್ನೆ ಮತ್ತೆ ಗಾರ್ಡ್ ತಗೊಂಡರಾ? ನೀವು ಬರೆದಿಲ್ಲ, ಅಂದಮೇಲೆ ಗಾರ್ಡೇ ತಗೊಂಡಿರಬೇಕು. ಬಿದ್ದ ಸ್ಟಂಪನ್ನೇ ಬಿದ್ದಿದೆ ಅನ್ನೋಕೆ ಹೆದರುವವರು, ರಾತ್ರಿ ಪಾಳಿಯಲ್ಲಿ ಲಾರಿ ಗೇಟಲ್ಲಿ ನಿಂತಿರುವಾಗ 'ಈ ಲಾಟು ರಿಜೆಕ್ಟು ಸಾರ್' ಅಂತಾರಾ? ನಿಮ್ಮ ಲೈನನ್ನು ಕೊನೇ ಸಲ ಯಾರು, ಯಾಕೆ ನಿಲ್ಲಿಸಿದರು, ಆಮೇಲೆ ಅವರಿಗೆ ಏನಾಯಿತು, ಒಂದು ಸಲ ನೆನಪು ಮಾಡಿಕೊಳ್ಳಿ.

ಪಟ್ಟಿಯ ವಿಷಯಕ್ಕೆ ಮಾತ್ರ ನನಗೆ ಸಿಟ್ಟಿದೆ. ಪ್ರಾಕ್ಟೀಸಿಗೆ ಬೇಕು, ಮ್ಯಾಚಿಗೆ ಬೇಡ ಅಂದರೆ ನಿಮ್ಮನ್ನು ನೆಟ್ ಬೌಲರ್ ಮಾಡಿದರು ಅಷ್ಟೆ. ಇದು ನಮ್ಮ ಕೋಲಾರ ಜಿಲ್ಲೆಗೆ ಹೊಸದೇನಲ್ಲ. ಬ್ರಿಟಿಷರ ಕಾಲದ ಕೆಜಿಎಫ್‌ನಲ್ಲಿ ಕ್ಲಬ್ಬು, ಗಾಲ್ಫ್ ಮೈದಾನ ಬಿಳಿ ಅಧಿಕಾರಿಗಳದು, ಗಣಿಯೊಳಗೆ ಇಳಿಯುವವರ ವಾಸ ಸಾಲುಮನೆಯ ಲೈನುಗಳಲ್ಲಿ. ಗಣಿ 2001ರಲ್ಲೇ ಮುಚ್ಚಿತು, ಆ ಬುದ್ಧಿ ಇನ್ನೂ ಮುಚ್ಚಿಲ್ಲ ನೋಡಿ.

ಇನ್ನೊಂದು, ಟೀಮ್ ಕಟ್ಟಿದ್ದು ಯಾರು? ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ 1903ರಲ್ಲಿ ಬಾಯರ್ ಕಂಪನಿಯ ಕೆಲಸಗಾರರೇ ಸಹಿ ಹಾಕಿ, ನಮಗೊಂದು ಕ್ರೀಡಾ ಕ್ಲಬ್ ಬೇಕು ಅಂತ ಕಂಪನಿಗೆ ಪತ್ರ ಬರೆದರು. ಮರುವರ್ಷ ಕ್ಲಬ್ ಆಯಿತು, 2024ರಲ್ಲಿ ಅದೇ ಟೀಮು ಒಂದೂ ಮ್ಯಾಚ್ ಸೋಲದೆ ಜರ್ಮನಿಯ ಫುಟ್‌ಬಾಲ್ ಲೀಗ್ ಗೆದ್ದಿತು. ನಿಮ್ಮಲ್ಲಿ ಹುಡುಗರು ಕೇಳಿ ಕಟ್ಟಿದ್ದಾ, ಇಲ್ಲ ಫೋಟೋಗೆ ಅಂತ ಹೆಚ್‌ಆರ್ ಕಟ್ಟಿದ್ದಾ?

ಆದರೆ ಆಟ ಪೂರ್ತಿ ನಿಜ ಹೇಳೋದಿಲ್ಲ, ಅದೂ ಗೊತ್ತಿರಲಿ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಸ್ಟೋರ್ಸ್ ಹುಡುಗನೇ ಕ್ಯಾಪ್ಟನ್. ಅಕೌಂಟ್ಸ್ ದೊಡ್ಡವರು ಸುಲಭದ ಕ್ಯಾಚ್ ಬಿಟ್ಟಾಗ 'ಕಣ್ಣು ಬಿಟ್ಕೊಂಡು ನಿಂತ್ಕೊಳ್ಳಿ ಸಾರ್' ಅಂತ ಕೂಗಿದ, ಅವರೂ ಕೈ ಎತ್ತಿ ತಪ್ಪಾಯಿತು ಅಂದರು. ಎಷ್ಟು ಒಳ್ಳೇ ಕಂಪನಿ ಅಂದುಕೊಂಡೆವು. ಆ ಬೈಗುಳಕ್ಕೆ ಅವನಿಗೆ ಏನೂ ಆಗಲಿಲ್ಲ. ಎರಡು ತಿಂಗಳಿಂದ ಬಾಕಿ ಇದ್ದ ಅವನ ಓಟಿ ದುಡ್ಡೂ ಆಗಲಿಲ್ಲ.

ಹಾಗಾಗಿ ಹೊಸ ಕಂಪನಿಗೆ ಹೂಂ ಅನ್ನುವ ಮೊದಲು ಅವರ ಮ್ಯಾಚ್ ಇದ್ದ ದಿನ ಬೌಂಡರಿ ಹತ್ತಿರ ನಿಂತು ನೋಡಿ. ಮ್ಯಾಟ್ ಎಳೆಯೋದು, ನೀರಿನ ಕ್ಯಾನ್ ಹೊರೋದು ಯಾರು? ಆಡುವವರ ಪಾಳಿ ಬದಲಾಯಿಸಿ ಕೊಡುತ್ತಾರಾ, ರಜೆ ಹಾಕಿಸುತ್ತಾರಾ? ಓಟಿ ದುಡ್ಡು ಯಾವತ್ತು ಬರುತ್ತೆ ಅಂತ ಮಾತ್ರ ಆಟಗಾರರನ್ನು ಕೇಳಬೇಡಿ, ಟೀ ಅಂಗಡಿಯಲ್ಲಿ ಕೇಳಿ.

ಪ್ರಶ್ನೆ: ನಾನು ವೇಮಗಲ್ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವಳು. ಮಹಿಳಾ ದಿನಕ್ಕೆ ಥ್ರೋಬಾಲ್ ಆಡಿಸಿದರು, ನನ್ನ ಬೆರಳು ಮುರಿಯಿತು. 'ಕೆಲಸದಲ್ಲಿ ಆದ ಏಟಲ್ಲ, ಸಂಬಳ ಇಲ್ಲದ ರಜೆ ಹಾಕಿ' ಅನ್ನುತ್ತಾರೆ. ನನ್ನ ಸಂಬಳದಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ದುಡ್ಡು, ಹಿಡಿಯುತ್ತಾರೆ.

ಉತ್ತರ: ಮೊದಲು ಇಎಸ್‌ಐ ಡಾಕ್ಟರ ಹತ್ತಿರ ಹೋಗಿ ಅಮ್ಮಾ, ಏಟು ಎಲ್ಲೇ ಆಗಿರಲಿ ಚಿಕಿತ್ಸೆ ಸಿಗುತ್ತೆ. ಅವರು ರಜೆ ಸರ್ಟಿಫಿಕೇಟ್ ಕೊಟ್ಟರೆ, ಲೆಕ್ಕಕ್ಕೆ ಬರುವ ಆರು ತಿಂಗಳಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ, ಸಂಬಳದ 70 ಶೇಕಡಾ ಬರುತ್ತೆ, ವರ್ಷಕ್ಕೆ 91 ದಿನದವರೆಗೆ. ಕೆಲಸದ ಏಟು ಅಂತ ಆದರೆ 90 ಶೇಕಡಾ, ಅದಕ್ಕೆ 78 ದಿನದ ಲೆಕ್ಕವೂ ಇಲ್ಲ. ಯಾವುದು ಅಂತ ತೀರ್ಮಾನ ಮಾಡೋದು ಇಎಸ್‌ಐನವರು, ನಿಮ್ಮ ಹೆಚ್‌ಆರ್ ಅಲ್ಲ. ಪಾಳಿ ಸಮಯದಲ್ಲೇ, ಕಂಪನಿ ಹೇಳಿಯೇ ಆಡಿಸಿದ್ದರೆ ಆ ನೋಟೀಸಿನ ಫೋಟೋ ತೆಗೆದಿಟ್ಟುಕೊಳ್ಳಿ. ಅಪಘಾತದ ಪುಸ್ತಕದಲ್ಲಿ ನಿಮ್ಮ ಹೆಸರು ಬರೆಸಿ, ಬರೆಯಲ್ಲ ಅಂದರೆ ಅರ್ಜಿ ಕೊಟ್ಟು ಒಂದು ಕಾಪಿ ಮೇಲೆ ಸಹಿ ಹಾಕಿಸಿಕೊಳ್ಳಿ. ಇದನ್ನೆಲ್ಲ ಇವತ್ತೇ ಮಾಡಿ, ಬೋರ್ಡಿನ ಮೇಲಿನ ನೋಟೀಸು ಜಾಸ್ತಿ ದಿನ ಇರೋದಿಲ್ಲ.